ಏನೂ ತೋಚದಾಗ ಯಾವ ಕಾಯಿ ನಡೆಸಬೇಕು? ನಿಧಾನದ ಚೆಸ್ ಕಲಿಯುವವರಿಗೂ ಕಲಿಸುವವರಿಗೂ

ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಕೆಳಗೆ, ವಾಚ್‌ಮನ್ ಕ್ಯಾಬಿನ್ ಪಕ್ಕದ ಕಲ್ಲುಬೆಂಚಿನ ಮೇಲೆ ಕೆಲವು ವರ್ಷಗಳ ಹಿಂದೆ ನಾನೊಂದು ಆಟ ಸೋತೆ. ಎದುರಿಗೆ ಕೂತವರು ಧಾರವಾಡ ಕಡೆಯ ಒಬ್ಬ ಕಾಕಾ. ರೈಲ್ವೆಯಿಂದ ರಿಟೈರ್ ಆದವರು. ಇಡೀ ಆಟದಲ್ಲಿ ಅವರು ಒಂದು ಸಲವೂ ಚೆಕ್ ಕೊಡಲಿಲ್ಲ. ನನ್ನ ಒಂದು ಕಾಯಿಯನ್ನೂ ಪುಕ್ಕಟೆ ಹೊಡೆಯಲಿಲ್ಲ. ಆದರೂ 40ನೇ ನಡೆಯ ಹೊತ್ತಿಗೆ ನನಗೆ ಆಡಲು ಏನೂ ಉಳಿದಿರಲಿಲ್ಲ. ಯಾವ ಕಾಯಿ ಮುಟ್ಟಿದರೂ ಏನಾದರೊಂದು ಹೋಗುತ್ತಿತ್ತು.

"ಹೆಂಗ ಸೋತಿ ಗೊತ್ತಾತೇನು?" ಅಂದರು.

"ಇಲ್ಲ ಕಾಕಾ."

"ಆ ಒಂಟೆ ನೋಡು. ಆಟ ಸುರು ಆದಾಗಿಂದ ಮನ್ಯಾಗ ಕುಂತೈತಿ. ನೀ ಒಂದು ಕಾಯಿ ಕಮ್ಮಿ ಇಟ್ಕೊಂಡ ಆಡಾಕ ಹತ್ತಿದ್ದಿ."

ಪೊಸಿಷನಲ್ ಚೆಸ್ ಅಂದರೆ ಏನು ಅಂತ ನನಗೆ ಯಾರಾದರೂ ಹೇಳಿಕೊಟ್ಟಿದ್ದರೆ ಅದು ಆ ಮೂರು ವಾಕ್ಯ. ಅಲ್ಲಿಯವರೆಗೆ ಚೆಸ್ ಅಂದರೆ ಹೊಡೆಯೋದು, ಹೊಡೆಸಿಕೊಳ್ಳೋದು ಅಷ್ಟೇ ಅಂದುಕೊಂಡಿದ್ದೆ. ಹೊಡೆಯಲು ಏನೂ ಸಿಗದಾಗ ಸುಮ್ನೆ ಒಂದು ಕಾಲಾಳನ್ನು ತಳ್ಳಿ ಎದುರಿನವರ ಮುಖ ನೋಡುತ್ತಿದ್ದೆ. ಹೊಡೆಯಲು ಏನೂ ಇಲ್ಲದ ಆ ಹೊತ್ತಿನಲ್ಲಿ ಏನು ಮಾಡಬೇಕು ಅನ್ನುವುದೇ ಪೊಸಿಷನಲ್ ಆಟ. ಒಂದು ಆಟದ ಮುಕ್ಕಾಲು ಭಾಗ ಇಂಥ ಹೊತ್ತೇ ಇರುತ್ತದೆ.

ಜನ ಚೆಸ್ ಬಿಡುವುದೂ ಅಲ್ಲೇ ಅಂತ ನನ್ನ ಅನುಮಾನ. ನಿಯಮ ಕಲಿಯುತ್ತಾರೆ, ನಾಲ್ಕು ಸಲ ಮೋಸದ ಚೆಕ್‌ಮೇಟಿಗೆ ಬೀಳುತ್ತಾರೆ, ಆಮೇಲೆ "ಇದು ತಲೆ ಇರೋರ ಆಟ" ಅಂತ ಎದ್ದು ಹೋಗುತ್ತಾರೆ. ಪ್ರತಿ ನಡೆಯಲ್ಲೂ ಮಾಡಲು ಏನೋ ಒಂದು ಕೆಲಸ ಇದೆ ಅಂತ ಗೊತ್ತಾದವರು ಏಳುವುದಿಲ್ಲ.

ಹೊರಡುವ ಮೊದಲು ಒಂದು ಎಚ್ಚರಿಕೆ. ಎರಡು ನಡೆಗೊಮ್ಮೆ ಕುದುರೆಯನ್ನೋ ಆನೆಯನ್ನೋ ಪುಕ್ಕಟೆ ಕೊಡುತ್ತಿದ್ದರೆ ಈ ಲೇಖನ ಸದ್ಯಕ್ಕೆ ಬೇಡ. ದಿನಕ್ಕೆ 15 ನಿಮಿಷ, ಎರಡು ನಡೆಯಲ್ಲಿ ಕಾಯಿ ಗೆಲ್ಲುವ ಸಣ್ಣ ಒಗಟುಗಳನ್ನು ಬಿಡಿಸಿ. ಲಿಚೆಸ್ ಅನ್ನುವ ವೆಬ್‌ಸೈಟಿನಲ್ಲಿ ಅವು ಪುಕ್ಕಟೆ, ಜಾಹೀರಾತೂ ಇಲ್ಲ. ಒಂದೆರಡು ತಿಂಗಳು ಬಿಟ್ಟು ಬನ್ನಿ.

ಬೋರ್ಡು, ಗಡಿಯಾರ, ಹೆಸರು

ಫೋನು ಬದಿಗಿಡಿ. ಮಡಚಿ ಸುತ್ತುವ ರೆಕ್ಸಿನ್ ಬೋರ್ಡು, ಪ್ಲಾಸ್ಟಿಕ್ ಕಾಯಿ ಸಾಕು. ಮನೆ ಒಂದೊಂದೂ 5ರಿಂದ 6 ಸೆಂಟಿಮೀಟರ್, ರಾಜ ಸುಮಾರು 9.5 ಸೆಂಟಿಮೀಟರ್ ಎತ್ತರ ಇದ್ದರೆ ಟೂರ್ನಮೆಂಟಿನ ಅಳತೆಗೆ ಸರಿ. ಆಯಸ್ಕಾಂತದ ಚಿಕ್ಕ ಡಬ್ಬಿ ರೈಲಿಗೆ ಮಾತ್ರ. ಬೋರ್ಡು ಹಾಸುವಾಗ ನಿಮ್ಮ ಬಲಗೈ ಮೂಲೆಯಲ್ಲಿ ಬಿಳಿ ಮನೆ ಬರಬೇಕು. ಇದನ್ನು ಸಿನಿಮಾದವರು ಎಷ್ಟು ಸಲ ತಪ್ಪು ಮಾಡುತ್ತಾರೆ ನೋಡಿ, ನಗು ಬರುತ್ತದೆ.

ಮೂರು ನಿಮಿಷದ ಆಟ ಮಜಾ ಕೊಡುತ್ತದೆ, ಆದರೆ ಅದರಲ್ಲಿ ಪೊಸಿಷನ್ ಕಲಿಯಲು ಆಗಲ್ಲ. ಯೋಚಿಸಲು ಸಮಯವೇ ಇಲ್ಲದಾಗ ಕೈ ಹಳೆ ಚಾಳಿಗೇ ಹೋಗುತ್ತದೆ. ಒಬ್ಬೊಬ್ಬರಿಗೆ 15 ನಿಮಿಷ, ಪ್ರತಿ ನಡೆಗೆ 10 ಸೆಕೆಂಡ್ ಹೆಚ್ಚುವರಿ ಇಟ್ಟುಕೊಳ್ಳಿ. ನಡೆಗಳನ್ನು ಬರೆದಿಡಿ. ಉದ್ದ ಸಾಲುಗಳು ಬಿಳಿಯವರ ಎಡದಿಂದ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಅಡ್ಡ ಸಾಲುಗಳು ಬಿಳಿಯವರ ಕಡೆಯಿಂದ 1ರಿಂದ 8. ಬರೆಯದೆ ಆಡಿದ ಆಟದಿಂದ ಮರುದಿನ ಏನೂ ಸಿಗುವುದಿಲ್ಲ.

ಇಲ್ಲಿ ಆನೆ ಅಂದರೆ ಮೂಲೆಯದು, ಒಂಟೆ ಅಂದರೆ ಓರೆಯಾಗಿ ಹೋಗುವುದು, ಕಾಲಾಳು ಅಂದರೆ ಮುಂದಿನ ಸಾಲಿನದು. ನಮ್ಮ ಕಡೆಯ ಮಕ್ಕಳು ಮರಾಠಿಯಲ್ಲಿ ಹತ್ತಿ, ಉಂಟ್, ಘೋಡಾ, ವಜೀರ್, ಪ್ಯಾದೆ ಅನ್ನುತ್ತಾರೆ. ಇಂಗ್ಲಿಷ್ ಕ್ಲಾಸಿಗೆ ಹೋದವರು ರೂಕ್, ಬಿಷಪ್. ಕಲಿಸುವಾಗ ಯಾವುದನ್ನೂ ತಿದ್ದಬೇಡಿ. ಕಾಯಿ ಯಾವುದು ಅಂತ ಇಬ್ಬರಿಗೂ ಗೊತ್ತಾದರೆ ಆಯಿತು.

ಮೊದಲ ಹೆಜ್ಜೆ: ಕೆಲಸ ಇಲ್ಲದ ಕಾಯಿ ಯಾವುದು?

ಹೊಡೆಯಲು ಏನೂ ಇಲ್ಲ, ಹೊಡೆಸಿಕೊಳ್ಳುವ ಅಪಾಯವೂ ಇಲ್ಲ ಅಂದಾಗ ಇದೊಂದೇ ಪ್ರಶ್ನೆ ಕೇಳಿಕೊಳ್ಳಿ. ನನ್ನ ಕಾಯಿಗಳಲ್ಲಿ ಅತಿ ಕಡಿಮೆ ಕೆಲಸ ಮಾಡುತ್ತಿರುವುದು ಯಾವುದು? ಅದಕ್ಕೆ ಒಳ್ಳೆ ಜಾಗ ಎಲ್ಲಿದೆ? ಅಲ್ಲಿಗೆ ಹೋಗಲು ಎಷ್ಟು ನಡೆ ಬೇಕು? ಮೂರು ನಡೆಯಾದರೂ ಪರವಾಗಿಲ್ಲ. ಎದುರಿನವರು ಅಷ್ಟರಲ್ಲಿ ಏನೂ ಮಾಡಲಾರರು ಅಂತ ಗೊತ್ತಿದ್ದರೆ ನಿಧಾನವಾಗಿ ಹೋಗಿ.

ಕಾಕಾ ಜೊತೆಗಿನ ಆ ಆಟಕ್ಕೇ ಬರೋಣ. ನಾನು ಕಪ್ಪು. ಯಾವುದೋ ವಿಡಿಯೋ ನೋಡಿ ಫ್ರೆಂಚ್ ಡಿಫೆನ್ಸ್ ಅನ್ನುವ ಆರಂಭ ಆಡಿದ್ದೆ. ಅವರು ಇ4, ನಾನು ಇ6. ಅವರು ಡಿ4, ನಾನು ಡಿ5. ಅವರು ಕಾಲಾಳನ್ನು ಇ5ಕ್ಕೆ ತಳ್ಳಿದರು. ಈಗ ಬೋರ್ಡ್ ಹಾಸಿ ನೋಡಿ. ಸಿ8ರಲ್ಲಿರುವ ನನ್ನ ಒಂಟೆ ಬಿಳಿ ಮನೆಗಳಲ್ಲಿ ಓಡಾಡುವುದು. ನನ್ನ ಇ6, ಡಿ5 ಕಾಲಾಳುಗಳು ಕೂತಿರುವುದೂ ಬಿಳಿ ಮನೆಗಳಲ್ಲೇ. ಸಾಲದು ಅಂತ ಮುಂದೆ ಎ6, ಬಿ5 ಬೇರೆ ಆಡಿದೆ. ಅವೂ ಬಿಳಿ ಮನೆಗಳೇ. ನನ್ನ ಮನೆ ಬಾಗಿಲಿಗೆ ನಾನೇ ಇಟ್ಟಿಗೆ ಜೋಡಿಸಿದ ಹಾಗೆ.

ಕಾಕಾ ಒಂದೊಂದೇ ಕಾಯಿ ಬದಲಾಯಿಸುತ್ತ ಹೋದರು. ಆ ಒಂಟೆಯೊಂದನ್ನು ಮಾತ್ರ ಮುಟ್ಟಲಿಲ್ಲ. ಕೊನೆಗೆ ಅವರ ಹತ್ತಿರ ಡಿ4ರಲ್ಲಿ ಒಂದು ಕುದುರೆ, ನನ್ನ ಹತ್ತಿರ ಆ ಒಂಟೆ. ಡಿ4 ಕಪ್ಪು ಮನೆ. ಬಿಳಿ ಮನೆಯ ಒಂಟೆ ಜನ್ಮದಲ್ಲಿ ಅಲ್ಲಿಗೆ ಕಣ್ಣು ಹಾಕಲಾರದು. ಕುದುರೆ ಅಲ್ಲಿ ಕೂತು ನನ್ನ ಕಾಲಾಳುಗಳನ್ನು ಎಣಿಸುತ್ತಿತ್ತು. ಅವರ ರಾಜ ಕಪ್ಪು ಮನೆಗಳ ಮೇಲೆ ವಾಕಿಂಗ್ ಹೊರಟವರ ಹಾಗೆ ನನ್ನ ಕಡೆ ಬಂದ.

ಮದ್ದು ಇರಲಿಲ್ಲವೇ? ಇತ್ತು. ಬೇಗನೆ ಬಿ6 ಆಡಿ ಒಂಟೆಯನ್ನು ಎ6ಕ್ಕೆ ತಂದು, ಅವರ ಎಫ್1ರ ಚುರುಕು ಒಂಟೆಗೆ ಬದಲಾಯಿಸಬಹುದಿತ್ತು. ಇಲ್ಲವೇ ಎಫ್6 ಆಡಿ ಅವರ ಇ5 ಕಾಲಾಳನ್ನು ಒಡೆಯಬಹುದಿತ್ತು.

ಅಭ್ಯಾಸ ಹೀಗೆ. ನಿಮ್ಮ ಹಿಂದಿನ ಐದು ಆಟಗಳ ಹಾಳೆ ತೆಗೆಯಿರಿ. ಪ್ರತಿ ಆಟದ 15ನೇ ನಡೆಯಲ್ಲಿ ನಿಲ್ಲಿಸಿ, ಇನ್ನೂ ಹೊರಡದೆ ಇರುವ ಕಾಯಿಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಹೆಚ್ಚಿನವರಿಗೆ ಐದು ಆಟದಲ್ಲೂ ಒಂದೇ ಕಾಯಿ ಸಿಗುತ್ತದೆ. ನನಗೆ ಎ8ರ ಆನೆ, ಸಿ8ರ ಒಂಟೆ, ಅಕ್ಕಪಕ್ಕದ ಖೋಲಿಯವರ ಹಾಗೆ ಜೊತೆಯಲ್ಲೇ ಸಿಕ್ಕವು.

ಎರಡನೆಯದು: ಕಾಲಾಳು ಹಿಂದೆ ಬರಲ್ಲ

ಎಲ್ಲಾ ಕಾಯಿಗಳೂ ಹೋದ ದಾರಿಯಲ್ಲಿ ವಾಪಸ್ ಬರಬಹುದು, ಕಾಲಾಳು ಒಂದನ್ನು ಬಿಟ್ಟು. ಅದಕ್ಕೇ ಕಾಲಾಳು ತಳ್ಳುವ ಮೊದಲು ಅದು ಇನ್ನು ಮೇಲೆ ಕಾಯದ ಮನೆಗಳು ಯಾವುವು ಅಂತ ನೋಡಬೇಕು. ತಳ್ಳಿದ ಮೇಲೆ ಆ ಮನೆಗಳು ಹೋದವೇ ಅಂತ ತಿಳಿಯಿರಿ.

ಪುಸ್ತಕದ ಉದಾಹರಣೆಯಲ್ಲ, ಎಲ್ಲರೂ ಆಡುವ ಸಿಸಿಲಿಯನ್ ಆರಂಭವನ್ನೇ ತಗೊಳ್ಳಿ. ಇ4, ಸಿ5. ಕುದುರೆ ಎಫ್3, ಡಿ6. ಡಿ4, ಕಪ್ಪು ಸಿ ಕಾಲಾಳಿನಿಂದ ಹೊಡೆಯುತ್ತಾರೆ. ಬಿಳಿ ಕುದುರೆಯಿಂದ ವಾಪಸ್ ಹೊಡೆಯುತ್ತಾರೆ. ಕುದುರೆ ಎಫ್6, ಕುದುರೆ ಸಿ3, ಎ6. ಬಿಳಿ ಒಂಟೆ ಇ2ಕ್ಕೆ, ಕಪ್ಪು ಕಾಲಾಳು ಇ5ಕ್ಕೆ. ಈಗ ಡಿ5 ಅನ್ನುವ ಮನೆ ನೋಡಿ. ಅದನ್ನು ಕಾಯಬಹುದಾಗಿದ್ದ ಕಪ್ಪು ಕಾಲಾಳುಗಳು ಎರಡೇ, ಸಿ ಸಾಲಿನದು, ಇ ಸಾಲಿನದು. ಒಂದು ಬೋರ್ಡಿನಿಂದಲೇ ಹೋಯಿತು. ಇನ್ನೊಂದು ದಾಟಿ ಮುಂದೆ ಹೋಯಿತು. ಇನ್ನು ಆಟ ಮುಗಿಯುವವರೆಗೂ ಡಿ5ರಲ್ಲಿ ಕೂತ ಬಿಳಿ ಕುದುರೆಯನ್ನು ಯಾವ ಕಪ್ಪು ಕಾಲಾಳೂ ಓಡಿಸಲಾರದು. ಡಿ6ರ ಕಾಲಾಳೋ ಹಿಂದುಳಿಯಿತು.

ಹಾಗಾದರೆ ಬಿಳಿಯವರ ಕೆಲಸ ಏನು? ಡಿ5ರ ಮೇಲೆ ಕಣ್ಣಿಟ್ಟಿರುವ ಕಪ್ಪು ಕಾಯಿಗಳನ್ನು ಒಂದೊಂದಾಗಿ ತೆಗೆಯುವುದು. ಮುಖ್ಯ ಕಾವಲುಗಾರ ಎಫ್6ರ ಕುದುರೆ. ಒಂಟೆಯನ್ನು ಜಿ5ಕ್ಕೆ ತಂದು ಆ ಕುದುರೆಗೆ ಬದಲಾಯಿಸಿ, ಆಮೇಲೆ ನಿಮ್ಮ ಕುದುರೆಯನ್ನು ಡಿ5ರಲ್ಲಿ ಕೂರಿಸಿ. ಒಂದೇ ನಡೆಯಲ್ಲಿ ಗೆಲ್ಲುವುದಲ್ಲ ಇದು. ಆದರೆ ಮುಂದಿನ ಹತ್ತು ನಡೆಗೆ ಏನು ಮಾಡಬೇಕು ಅಂತ ಗೊತ್ತಿರುತ್ತದೆ. ಕಪ್ಪಿನವರು ಪೆದ್ದರು ಅಂತ ಅಂದುಕೊಳ್ಳಬೇಡಿ. ಅವರು ಡಿ5 ಬಿಟ್ಟುಕೊಟ್ಟು ನಡುವಿನಲ್ಲಿ ಇ5 ಹಿಡಿದಿದ್ದಾರೆ, ಅರ್ಧ ತೆರೆದ ಸಿ ಸಾಲೂ ಅವರದೇ. ದೊಡ್ಡ ದೊಡ್ಡ ಆಟಗಾರರೇ ಇದನ್ನು ಖುಷಿಯಿಂದ ಆಡುತ್ತಾರೆ. ಕೊಟ್ಟು ತಗೊಳ್ಳುವ ವ್ಯವಹಾರ ಅಷ್ಟೇ.

ಅಕ್ಕಪಕ್ಕದ ಸಾಲಿನಲ್ಲಿ ಜೊತೆಗಾರ ಇಲ್ಲದ ಒಂಟಿ ಕಾಲಾಳು, ಒಂದರ ಹಿಂದೆ ಒಂದು ನಿಂತ ಜೋಡಿ ಕಾಲಾಳು, ಈ ಡಿ6ರದರ ಹಾಗೆ ಹಿಂದುಳಿದ ಕಾಲಾಳು, ಈ ಮೂರರ ಗುರುತು ಸಿಕ್ಕರೆ ಸದ್ಯಕ್ಕೆ ಸಾಕು. ಅವುಗಳ ಮುಂದಿನ ಮನೆಯಲ್ಲಿ ನಿಮ್ಮ ಕುದುರೆ ಇಡಿ. ಮೊದಲು ದಾರಿ ಕಟ್ಟಿ, ಹೊಡೆಯೋದು ಆಮೇಲೆ.

ಫೋರ್ತ್ ಸೀಟಿನ ಲೆಕ್ಕ

ಜಾಗದ ಬೆಲೆ ಮುಂಬಯಿಯವರಿಗೆ ಹೇಳಿಕೊಡಬೇಕಾಗಿಲ್ಲ. ಲೋಕಲ್ಲಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಬಂದು "ಥೋಡಾ ಸರಕೋ" ಅಂದಾಗ ಏನಾಗುತ್ತದೆ? ಯಾರಿಗೂ ಕೈ ಆಡಿಸಲು ಬರಲ್ಲ. ಒಬ್ಬರು ಕುರ್ಲಾದಲ್ಲಿ ಇಳಿದ ಕೂಡಲೇ ಎಲ್ಲರಿಗೂ ಉಸಿರು.

ಬೋರ್ಡಿನ ಮೇಲೂ ಇದೇ. ಕಾಲಾಳುಗಳು ಮುಂದೆ ಹೋದವರ ಹಿಂದೆ ಜಾಗ ಜಾಸ್ತಿ. ಎದುರಿನವರ ಕಾಯಿಗಳು ಒಂದಕ್ಕೊಂದು ಮೊಣಕೈ ತಾಗಿಸಿಕೊಂಡು ಕೂತಿರುತ್ತವೆ. ನೀವು ಇಕ್ಕಟ್ಟಿನಲ್ಲಿದ್ದರೆ ಕಾಯಿಗೆ ಕಾಯಿ ಬದಲಾಯಿಸಿ, ಒಬ್ಬರನ್ನು ಕುರ್ಲಾದಲ್ಲಿ ಇಳಿಸಿ. ನಿಮಗೇ ಜಾಗ ಜಾಸ್ತಿ ಇದ್ದರೆ ಬದಲಿ ಬೇಡ. ಅವರು ಇಕ್ಕಟ್ಟಿನಲ್ಲೇ ಇರಲಿ.

ಸುಮ್ನೆ ಹೇಳಿದರೆ ನಂಬಿಕೆ ಬರಲ್ಲ, ಒಂದು ಆಟ ತೋರಿಸುತ್ತೇನೆ. 1974, ಫ್ರಾನ್ಸಿನ ನೀಸ್ ಊರಿನ ಚೆಸ್ ಒಲಿಂಪಿಯಾಡ್. ಬಿಳಿ ಸೋವಿಯತ್ ಒಕ್ಕೂಟದ ಅನಾತೊಲಿ ಕಾರ್ಪೋವ್, ಕಪ್ಪು ಪಶ್ಚಿಮ ಜರ್ಮನಿಯ ವೋಲ್ಫ್‌ಗಾಂಗ್ ಉಂಟ್ಸಿಕರ್. ರೂಯ್ ಲೋಪೆಜ್ ಆರಂಭ. 13ನೇ ನಡೆಯಲ್ಲಿ ಕಾರ್ಪೋವ್ ಕಾಲಾಳನ್ನು ಡಿ5ಕ್ಕೆ ತಳ್ಳಿ ಜಾಗ ಹಿಡಿದರು. ಬೋರ್ಡಿನಲ್ಲಿ ತೆರೆದ ಸಾಲು ಒಂದೇ, ಎ ಸಾಲು. ಅಲ್ಲಿ ಇವರ ಆನೆ ಎ2ರಲ್ಲಿ, ಅವರ ಆನೆ ಎ8ರಲ್ಲಿ, ಎದುರು ಬದುರು. ಕಾರ್ಪೋವ್‌ಗೆ ತನ್ನ ಎರಡನೇ ಆನೆಯನ್ನೂ ಆ ಸಾಲಿಗೆ ತರಬೇಕು. ಆದರೆ ತರುವಷ್ಟರಲ್ಲಿ ಉಂಟ್ಸಿಕರ್ ಆನೆಗೆ ಆನೆ ಬದಲಾಯಿಸಿ ಹಗುರಾಗಿಬಿಡುತ್ತಾರೆ.

24ನೇ ನಡೆ. ಕಾರ್ಪೋವ್ ಇ3ರಲ್ಲಿದ್ದ ಒಂಟೆಯನ್ನು ಓರೆಯಾಗಿ ಉದ್ದಕ್ಕೆ ಒಯ್ದು ಎ7ರಲ್ಲಿಟ್ಟರು. ಎದುರಾಳಿಯ ಆನೆಯ ಮೂಗಿನ ಕೆಳಗೆ!

ಮೊದಲ ಸಲ ನೋಡಿದಾಗ ಅಚ್ಚಿನ ತಪ್ಪು ಅಂದುಕೊಂಡೆ. ತೆರೆದ ಸಾಲನ್ನು ತನ್ನ ಕಾಯಿಯಿಂದಲೇ ಮುಚ್ಚುವುದೇ? ಬೋರ್ಡಿನ ಮೇಲಿಟ್ಟು ನೋಡಿದರೆ ಅರ್ಥವಾಗುತ್ತದೆ. ಆ ಒಂಟೆಯನ್ನು ಕಪ್ಪು ಆನೆ ಹೊಡೆದರೆ ಹಿಂದಿರುವ ಬಿಳಿ ಆನೆ ವಾಪಸ್ ಹೊಡೆಯುತ್ತದೆ, ಬೆಲೆ ಜಾಸ್ತಿಯ ಆನೆ ಕೊಟ್ಟು ಒಂಟೆ ತಗೊಂಡಂತೆ. ಹಾಗಾಗಿ ಮುಟ್ಟುವಂತಿಲ್ಲ. ಒಂಟೆ ಅಡ್ಡ ಇರುವವರೆಗೆ ಆನೆ ಬದಲಿಯೂ ಇಲ್ಲ. ಆ ಪರದೆಯ ಹಿಂದೆ ಕಾರ್ಪೋವ್ ನಿಧಾನವಾಗಿ ಇನ್ನೊಂದು ಆನೆಯನ್ನು ಎ1ಕ್ಕೆ ತಂದರು. ಯಾವಾಗ ಬೇಕಾದರೂ ಒಂಟೆ ಸರಿದು ಸಾಲು ತೆರೆಯಬಹುದು ಅನ್ನುವ ಹೆದರಿಕೆಗೇ ಕಪ್ಪು ಕಾಯಿಗಳೆಲ್ಲ ಆ ಕಡೆ ಕಟ್ಟಿಬಿದ್ದವು. ಆಗ 30ನೇ ನಡೆಯಲ್ಲಿ ಕಾರ್ಪೋವ್ ಬೋರ್ಡಿನ ಇನ್ನೊಂದು ಬದಿಯಲ್ಲಿ ಎಫ್4 ಆಡಿದರು. ಇಕ್ಕಟ್ಟಿನಲ್ಲಿದ್ದ ಕಪ್ಪು ಕಾಯಿಗಳು ಅಷ್ಟು ದೂರ ಓಡಿ ಬರಲಾಗಲಿಲ್ಲ.

ಈ ಆಟ ಎಲ್ಲಾ ಕಡೆ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರ್ ಹಚ್ಚದೆ, ಒಂದು ಹಾಳೆಯಿಂದ ಮುಂದಿನ ನಡೆ ಮುಚ್ಚಿಕೊಂಡು, ಪ್ರತಿ ಸಲ "ಇಲ್ಲಿ ನಾನಾಗಿದ್ದರೆ?" ಅಂತ ಊಹಿಸಿ ನೋಡಿ. ಒಂದು ಆಟಕ್ಕೆ ಎರಡು ಗಂಟೆ ಹಿಡಿಯುತ್ತದೆ. ಹಿಡಿಯಲಿ. ಇದಾದ ಮೇಲೆ ಹಳೆಯ ವಿಶ್ವ ಚಾಂಪಿಯನ್ನರಾದ ಕಾಪಾಬ್ಲಾಂಕಾ, ಪೆಟ್ರೋಸಿಯನ್ ಆಟಗಳು. ಕಾಪಾಬ್ಲಾಂಕಾ ಮೊದಲು, ಅವರ ನಡೆಗಳು ಸ್ಫಟಿಕದಷ್ಟು ಸ್ಪಷ್ಟ. ಪೆಟ್ರೋಸಿಯನ್ ಎದುರಿನವರು ಇನ್ನೂ ಯೋಚಿಸದ ದಾಳಿಯನ್ನೇ ತಡೆಯುತ್ತಾರೆ. ಅದು ಕಣ್ಣಿಗೆ ಬೀಳಲು ಸ್ವಲ್ಪ ಕಾಲ ಬೇಕು.

ಕೊಡು ತಗೋ

ಬದಲಿ ಮಾಡುವಾಗ ಸಮ ಸಮ ಅಂತ ಯಾವತ್ತೂ ಇಲ್ಲ. ಕಾಯಿ ಸಮ ಇರಬಹುದು, ಅವು ಮಾಡುತ್ತಿದ್ದ ಕೆಲಸ ಸಮ ಇರಲ್ಲ. ನಿಮ್ಮ ಸೋಮಾರಿಯನ್ನು ಕೊಟ್ಟು ಅವರ ಚುರುಕಿನವನನ್ನು ತಗೊಳ್ಳಿ. ಹೊಸಬರು ಬದಲಿ ಸಿಕ್ಕಿತು ಅಂದ ಕೂಡಲೇ ಕೈ ಹಾಕುತ್ತಾರೆ, ಯಾಕೆಂದರೆ ಬೋರ್ಡು ಖಾಲಿಯಾದರೆ ಯೋಚನೆ ಕಡಿಮೆ ಅನ್ನುವ ಆಸೆ. ಖಾಲಿ ಬೋರ್ಡಿನಲ್ಲಿ ತಪ್ಪು ಇನ್ನೂ ದೊಡ್ಡದಾಗಿ ಕಾಣುತ್ತದೆ.

ವಾರದ ಲೆಕ್ಕ

ಕೆಲಸ, ಲೋಕಲ್ಲು, ಮನೆ ಅಂತ ಓಡುವವರಿಗೆ ವಾರಕ್ಕೆ ಒಂದು ಉದ್ದದ ಆಟ, ಅದನ್ನು ಮರುದಿನ ನೋಡಲು ಅರ್ಧ ಗಂಟೆ, ಒಂದು ಹಳೆ ಆಟ. ಇಷ್ಟಾದರೆ ತುಂಬಾ ಆಯಿತು. ಇನ್ನೊಂದು ಉಪಾಯ, ದಿನಕ್ಕೊಂದು ನಡೆಯ ಆಟ. ಲಿಚೆಸ್‌ನಲ್ಲಿ ಒಂದು ನಡೆಗೆ ಒಂದು ದಿನವೋ ಮೂರು ದಿನವೋ ಇಟ್ಟು ಗೆಳೆಯರ ಜೊತೆ ಆಡಬಹುದು. ಬೆಳಿಗ್ಗೆ ಠಾಣೆ ದಾಟುವಷ್ಟರಲ್ಲಿ ಯೋಚಿಸಿ, ದಾದರ್ ಬರುವಷ್ಟರಲ್ಲಿ ನಡೆ ಹಾಕಿ.

ನಡೆಗಳ ಲೆಕ್ಕ ಹಾಕುವ ಕಂಪ್ಯೂಟರ್ ಎಂಜಿನ್ನನ್ನು ಕೊನೆಗೆ ತೆರೆಯಿರಿ. ಮೊದಲು ನಿಮ್ಮ ಮಾತಿನಲ್ಲಿ, "ಇಲ್ಲಿ ನನ್ನ ಕುದುರೆಗೆ ಮನೆ ಇರಲಿಲ್ಲ" ಅಂತ ಹಾಳೆಯ ಬದಿಗೆ ಬರೆಯಿರಿ. ಎಂಜಿನ್ ಒಂದು ಅಂಕಿ ಕೊಡುತ್ತದೆ, ಕಾರಣ ಕೊಡಲ್ಲ.

ಇನ್ನು ಜನರನ್ನು ಕೂರಿಸುವುದು

ಚೆಸ್‌ಗೆ ಈಗ ಒಳ್ಳೆ ಕಾಲ. 2024ರ ಡಿಸೆಂಬರಿನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದರು. 2025ರಲ್ಲಿ ನಾಗಪುರದ ದಿವ್ಯಾ ದೇಶ್‌ಮುಖ್ ಮಹಿಳಾ ವಿಶ್ವಕಪ್ ಗೆದ್ದರು. ಅದೇ ವರ್ಷ ಫಿಡೆ (ವಿಶ್ವ ಚೆಸ್ ಸಂಸ್ಥೆ) ವಿಶ್ವಕಪ್ಪು ಇಲ್ಲೇ ಪಕ್ಕದ ಗೋವಾದಲ್ಲಿ ನಡೆಯಿತು. ಮಕ್ಕಳನ್ನು ಕ್ಲಾಸಿಗೆ ಹಾಕುವ ಅಪ್ಪ ಅಮ್ಮಂದಿರು ಹೆಚ್ಚಾಗಿದ್ದಾರೆ. ಆದರೆ ಆ ಅಪ್ಪ ಅಮ್ಮ ಹೊರಗೆ ಬೆಂಚಿನ ಮೇಲೆ ಫೋನ್ ನೋಡುತ್ತಾ ಕೂರುತ್ತಾರೆ. ನನ್ನ ಕಣ್ಣು ಆ ಬೆಂಚಿನ ಮೇಲೆ.

ದೊಡ್ಡವರನ್ನು ಕರೆಯುವಾಗ "ಚೆಸ್ ಕಲೀತೀರಾ?" ಅಂತ ಕೇಳಬೇಡಿ. ಯಾರೂ ಕಲಿಯಲು ಬರಲ್ಲ. ಬೋರ್ಡಿನ ಮೇಲೆ ಎರಡೂ ಕಡೆ ರಾಜ, ಎಂಟೆಂಟು ಕಾಲಾಳು ಮಾತ್ರ ಇಟ್ಟು, "ಯಾರ ಕಾಲಾಳು ಮೊದಲು ಆಚೆ ದಡ ಮುಟ್ಟುತ್ತೋ ಅವರು ಗೆದ್ದ ಹಾಗೆ, ಬನ್ನಿ" ಅನ್ನಿ. ನಿಯಮ ಎರಡು ನಿಮಿಷದಲ್ಲಿ ಮುಗಿಯುತ್ತದೆ, ಆಟ ಹತ್ತು ನಿಮಿಷ. ಉಪಾಯದ ಚೆಕ್‌ಮೇಟಿನ ಕಾಟ ಇಲ್ಲ. ಮೂರನೇ ಆಟದ ಹೊತ್ತಿಗೆ ಅವರೇ "ಅಯ್ಯೋ, ಇದನ್ನು ತಳ್ಳಬಾರದಿತ್ತು" ಅನ್ನುತ್ತಾರೆ. ಅಲ್ಲಿಗೆ ಪೊಸಿಷನಲ್ ಪಾಠದ ಅರ್ಧ ಮುಗಿಯಿತು. ಮುಂದಿನ ವಾರ ಒಂದೊಂದು ಕುದುರೆ ಸೇರಿಸಿ. ಆಮೇಲೆ ಒಂಟೆ.

ಜಾಗ ಎಲ್ಲಿ? ನಮ್ಮವರು ಈಗಾಗಲೇ ಸೇರುವ ಕಡೆಗೇ ಬೋರ್ಡು ಒಯ್ಯಿರಿ. ಮಾಟುಂಗದ ಮೈಸೂರು ಅಸೋಸಿಯೇಶನ್ ಇರಲಿ, ಮಾಹಿಮಿನ ಕರ್ನಾಟಕ ಸಂಘ ಇರಲಿ, ನಿಮ್ಮ ಉಪನಗರದ ಸಂಘ ಇರಲಿ, ಕಾರ್ಯಕ್ರಮ ಐದಕ್ಕೆ ಅಂತ ಕಾರ್ಡಿನಲ್ಲಿದ್ದರೆ ಮುಖ್ಯ ಅತಿಥಿ ವೇದಿಕೆ ಹತ್ತುವುದು ಯಾವಾಗ ಅಂತ ನಮಗೆ ಗೊತ್ತಲ್ವಾ? ನಡುವಿನ ಆ ಒಂದು ಗಂಟೆ ಚೆಸ್ಸಿನದು. ಪದಾಧಿಕಾರಿಗಳನ್ನು ಮೊದಲೇ ಕೇಳಿ, ಬಾಗಿಲ ಹತ್ತಿರ ಎರಡು ಟೇಬಲ್ ಹಾಕಿ. ಚಹಾ ಕೊಡುವ ಜಾಗದ ಪಕ್ಕದಲ್ಲಾದರೆ ಇನ್ನೂ ಒಳ್ಳೆಯದು. ಎರಡು ಬೋರ್ಡಿಗಿಂತ ಜಾಸ್ತಿ ಬೇಡ. ಖಾಲಿ ಬೋರ್ಡು ಜನರನ್ನು ಓಡಿಸುತ್ತದೆ, ಸುತ್ತ ನಾಲ್ಕು ಜನ ಬಗ್ಗಿ ನೋಡುತ್ತಿರುವ ಬೋರ್ಡು ಕರೆಯುತ್ತದೆ.

ಹೋಟೆಲ್ ಕೆಲಸದವರಿಗೆ ಇದು ಆಗಲ್ಲ, ಅವರಿಗೆ ಭಾನುವಾರವೇ ಜೋರು ಕೆಲಸ. ಉಡುಪಿ ಹೋಟೆಲುಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಸ್ವಲ್ಪ ಬಿಡುವು. ನನಗೆ ಗೊತ್ತಿರುವ ಒಂದು ಹೋಟೆಲಿನಲ್ಲಿ ಹುಡುಗರು ಮಲಗುವ ಕೋಣೆಯ ಕಪಾಟಿನ ಮೇಲೆ ಬೋರ್ಡು ಹಾಸಿಯೇ ಇರುತ್ತದೆ. ಒಂದು ಕಡೆ ದೋಸೆ ಭಟ್ರು, ಇನ್ನೊಂದು ಕಡೆ ಗಲ್ಲೆಯಲ್ಲಿ ಕೂರುವ ಅಣ್ಣ. ಎದುರು ಬದುರು ಕೂರುವುದೇ ಇಲ್ಲ. ಆ ಕಡೆ ಹೋದಾಗ ಒಂದು ನಡೆ. ಒಂದು ಆಟಕ್ಕೆ ಹದಿನೈದು ದಿನ. ಒಮ್ಮೆ ಯಾರೋ ಧೂಳು ಒರೆಸಲು ಹೋಗಿ ಕಾಯಿಗಳನ್ನೆಲ್ಲ ತಮಗೆ ಚಂದ ಕಂಡ ಹಾಗೆ ಜೋಡಿಸಿಟ್ಟರಂತೆ. ಅಂದಿನಿಂದ ಹಳೆ ಬಿಲ್ ಬುಕ್ಕಿನ ಹಿಂಬದಿಯಲ್ಲಿ ನಡೆ ಬರೆಯುತ್ತಾರೆ. ಭಟ್ರ ಆಟ ನೋಡಬೇಕು ನೀವು. ಹಂಚಿನ ಮುಂದೆ ನಿಂತು ಮೂರು ಗಂಟೆ ಒಂದೇ ನಡೆ ಯೋಚಿಸಿದ ಮನುಷ್ಯ ಆಡುವ ಆಟ ಅದು.

ಹೆಂಗಸರನ್ನು ಕರೆಯಲು ಸಂಕೋಚ ಪಡುವವರು ಮುಂಬಯಿಯದೇ ಒಂದು ಕಥೆ ತಿಳಿದಿರಲಿ. ಖಾಡಿಲ್ಕರ್ ಅಕ್ಕತಂಗಿಯರು, ವಾಸಂತಿ, ಜಯಶ್ರೀ, ರೋಹಿಣಿ. 1974ರಲ್ಲಿ ಮಹಿಳೆಯರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಶುರುವಾದಾಗಿನಿಂದ ಹತ್ತು ವರ್ಷ ಆ ಪಟ್ಟ ಈ ಮೂವರ ಮನೆ ಬಿಟ್ಟು ಹೊರಗೆ ಹೋಗಲಿಲ್ಲ. 1976ರಲ್ಲಿ ರೋಹಿಣಿ ಪುರುಷರ ಚಾಂಪಿಯನ್‌ಶಿಪ್ಪಿನಲ್ಲಿ ಆಡಿದರು. ಗಲಾಟೆಯಾಯಿತು. ಕೊನೆಗೆ ಆಗಿನ ಫಿಡೆ ಅಧ್ಯಕ್ಷ ಮ್ಯಾಕ್ಸ್ ಯೂವೆ, ಹೆಂಗಸರನ್ನು ತಡೆಯುವಂತಿಲ್ಲ ಅಂತ ತೀರ್ಪು ಕೊಟ್ಟರು. ಸಂಘದ ಅರಶಿನ ಕುಂಕುಮದ ದಿನ ಒಂದು ಬೋರ್ಡು ಹಾಕಿ ನೋಡಿ. ನಾವು ಹಾಕಿದಾಗ ಮೊದಲ ಅರ್ಧ ಗಂಟೆ ಯಾರೂ ಬರಲಿಲ್ಲ. ಆಮೇಲೆ ಒಬ್ಬ ಅತ್ತೆ, ಒಬ್ಬ ಸೊಸೆ ಕೂತರು. ಹಾಲಿನಲ್ಲಿ ಮಿಕ್ಕ ಕಾರ್ಯಕ್ರಮಕ್ಕೆ ಜನವೇ ಕಡಿಮೆಯಾಯಿತು.

ಊರಿಂದ ಬಂದ ಅಜ್ಜಂದಿರು ಇದ್ದರೆ ಅವರನ್ನು ಬಿಡಲೇಬೇಡಿ. ಕೆಲವರಿಗೆ ಹಳೆ ದೇಸಿ ಚದುರಂಗ ಬರುತ್ತದೆ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ. ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸಲಿಂಗ್ ಇಲ್ಲ, ಬದಲಿಗೆ ರಾಜ ಒಂದು ಸಲ ಕುದುರೆಯ ಹಾಗೆ ಹಾರಬಹುದು. "ಅದು ತಪ್ಪು ಅಜ್ಜಾ" ಅಂದುಬಿಟ್ಟರೆ ಅವರು ಏಳುತ್ತಾರೆ. ಒಂದು ಆಟ ಅವರ ನಿಯಮದಲ್ಲೇ ಆಡಿ. ನಿಧಾನದ ಆ ಆಟದಲ್ಲಿ ಪಳಗಿದವರಿಗೆ ಕಾಯಿ ಎಲ್ಲಿ ಕೂರಬೇಕು ಅನ್ನುವ ಕಣ್ಣು ಮೊದಲೇ ಇರುತ್ತದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕಲಿತದ್ದೂ ದೇಸಿ ನಿಯಮದ ಆಟವನ್ನೇ. 1929ರಲ್ಲಿ ಇಂಗ್ಲೆಂಡಿಗೆ ಹೋಗಿ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಆದರು. ಹೇಸ್ಟಿಂಗ್ಸ್‌ನಲ್ಲಿ ಕಾಪಾಬ್ಲಾಂಕಾರನ್ನೇ ಸೋಲಿಸಿದರು. ಆರಂಭದ ನಡೆಗಳ ಪುಸ್ತಕ ಅವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ಮಧ್ಯದ ಆಟ, ಕೊನೆಯ ಆಟ ಅವರದು.

ಕಲಿಸುವವರಿಗೆ ಒಂದೇ ಮಾತು. ಗೆದ್ದ ಮೇಲೆ "ಇಲ್ಲಿ ನೀವು ತಪ್ಪು ಮಾಡಿದಿರಿ" ಅಂತ ಶುರು ಮಾಡಬೇಡಿ. "ನಿಮ್ಮ ಯಾವ ಕಾಯಿ ನನಗೆ ತೊಂದರೆ ಕೊಟ್ಟಿತು ಗೊತ್ತಾ?" ಅಂತ ಶುರು ಮಾಡಿ. ಮಾತು ಕನ್ನಡದಲ್ಲಿರಲಿ, ತುಳುವಿನಲ್ಲಿರಲಿ, ಅವರ ಮನೆಮಾತಿನಲ್ಲಿರಲಿ. ಇನ್ನು ರೇಟಿಂಗ್ ಬೇಕು ಅನ್ನುವವರು ಅಖಿಲ ಭಾರತ ಚೆಸ್ ಫೆಡರೇಶನ್ನಿನಲ್ಲಿ ಹೆಸರು ನೋಂದಾಯಿಸಿಕೊಂಡು ರೇಟೆಡ್ ಟೂರ್ನಮೆಂಟ್ ಆಡಬೇಕು. ಅದಕ್ಕೆ ಅವಸರ ಇಲ್ಲ.

ಹೊರಡುವಾಗ ಕಾಯಿ ಎಣಿಸಿ ಚೀಲಕ್ಕೆ ಹಾಕಿ, 32 ಇರಬೇಕು. ನಮ್ಮ ಒಂದು ಸೆಟ್ಟಿನಲ್ಲಿ ಎರಡು ವರ್ಷದಿಂದ 31 ಇದೆ. ಎಚ್7ರಲ್ಲಿ ಕಪ್ಪು ಕಾಲಾಳಿನ ಬದಲು ಸೋಡಾ ಬಾಟ್ಲಿಯ ಮುಚ್ಚಳ. ಹೋದ ತಿಂಗಳು ಕಾಕಾ ಅದೇ ಮುಚ್ಚಳವನ್ನು ಎಚ್1ರವರೆಗೆ ನಡೆಸಿ ರಾಣಿ ಮಾಡಿಕೊಂಡರು.